ಕಾಣಿಸಿಯೇ ತೀರುತ್ತೇವೆ ಎಂಬ ಭರವಸೆಯನ್ನು ಕೈಬಿಡಿ: ದ್ವೀಪ ಪ್ರವಾಸ ನಡೆಸುವವರಿಗೂ ಪರವಾನಗಿ ಕೊಡುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ದ್ವೀಪಗಳ ಸುತ್ತ ದೋಣಿ ವಿಹಾರ, ಕಯಾಕ್ (ಹುಟ್ಟು ಹಾಕುವ ಪುಟ್ಟ ದೋಣಿ) ಮತ್ತು ಸ್ನಾರ್ಕೆಲಿಂಗ್ (ಉಸಿರುಕೊಳವೆ ತೊಟ್ಟು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಪ್ರವಾಸ ನಡೆಸುವ ಮಾಲೀಕರಿಗೂ ಆ ಪ್ರವಾಸಗಳಿಗೆ ಪರವಾನಗಿ ಕೊಡುವ ಅಧಿಕಾರಿಗಳಿಗೂ ಈ ಪತ್ರ ಬರೆಯುತ್ತಿದ್ದೇನೆ. ನಾನು ಸಾಗರ ವಿಜ್ಞಾನಿಯಲ್ಲ. ಟಿಕೆಟ್ ಕೊಂಡು ನಿಮ್ಮ ದೋಣಿಗಳಲ್ಲಿ ಕುಳಿತವರಲ್ಲಿ ಒಬ್ಬ. ನನ್ನ ಬೇಡಿಕೆಯೂ ದೊಡ್ಡದಲ್ಲ. ಡಾಲ್ಫಿನ್ ದರ್ಶನ ಖಚಿತ, ಆಮೆಯೊಂದಿಗೆ ಈಜುವುದು ಗ್ಯಾರಂಟಿ, ಕಾಣದಿದ್ದರೆ ಹಣ ವಾಪಸ್ ಎಂದು ಜಾಹೀರಾತು ಕೊಡುವುದನ್ನು ನಿಲ್ಲಿಸಿ. ಮಾಲೀಕರು ತಾವಾಗಿ ನಿಲ್ಲಿಸದಿದ್ದರೆ ಪರವಾನಗಿಯ ಷರತ್ತಿನಲ್ಲೇ ಅದನ್ನು ಬರೆದು ಅಧಿಕಾರಿಗಳು ನಿಲ್ಲಿಸಬೇಕು.

ಜಾಹೀರಾತಿನ ಒಂದು ಸಾಲಿಗೆ ಇಷ್ಟು ಮಹತ್ವ ಏಕೆ ಎಂದು ನೀವು ಕೇಳಬಹುದು. ದೋಣಿಯ ಚುಕ್ಕಾಣಿ ಹಿಡಿದವನ ಜಾಗದಲ್ಲಿ ನಿಂತು ಯೋಚಿಸಿ. ಹೊರಟು ಒಂದೂವರೆ ಗಂಟೆಯಾಗಿದೆ, ಒಂದು ಬೆನ್ನುರೆಕ್ಕೆಯೂ ಕಂಡಿಲ್ಲ. ಹಿಂದೆ ಕುಳಿತವರು ಗಡಿಯಾರ ನೋಡುತ್ತಿದ್ದಾರೆ. ದಡ ಸೇರಿದ ಮೇಲೆ ಅವರು ಬರೆಯುವ ಎರಡು ಸಾಲು ನಾಳಿನ ಟಿಕೆಟ್‌ಗಳನ್ನು ನಿರ್ಧರಿಸುತ್ತದೆ. ಅಷ್ಟರಲ್ಲಿ ರೇಡಿಯೊದಲ್ಲಿ ಇನ್ನೊಂದು ದೋಣಿಯವನ ದನಿ ಕೇಳುತ್ತದೆ: ಬಂಡೆಯ ಆಚೆ ಒಂದು ಹಿಂಡು ಇದೆ. ಎಲ್ಲ ದೋಣಿಗಳೂ ಆ ಕಡೆಗೆ ತಿರುಗುತ್ತವೆ. ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬ ನಿಯಮ ಅವನಿಗೆ ಗೊತ್ತು. ತರಬೇತಿಯಲ್ಲಿ ಕಲಿತಿದ್ದಾನೆ, ಹಲವೊಮ್ಮೆ ಹೊರಡುವ ಮುನ್ನ ನಮಗೆ ಹೇಳಿಯೂ ಇರುತ್ತಾನೆ. ಆದರೆ ದಡದಲ್ಲಿ ಮಾರಿದ ಭರವಸೆ ಅವನ ಬೆನ್ನ ಮೇಲೆ ಕುಳಿತಿರುತ್ತದೆ. ಕಾಣಿಸಿಯೇ ತೀರಬೇಕೆಂಬ ಒತ್ತಡದಲ್ಲಿರುವವನು ಪ್ರಾಣಿಗಾಗಿ ಕಾಯಲಾರ, ಬೆನ್ನಟ್ಟುತ್ತಾನೆ. ಹೀಗೆ ಬೆನ್ನಟ್ಟಿದ ದೋಣಿಯಲ್ಲಿ ನಾನೂ ಕುಳಿತಿದ್ದೆ. ಆಮೆಯೊಂದು ಮೇಲೆ ಬಂದು ತಲೆ ಎತ್ತಿದ ಜಾಗಕ್ಕೆ ಮೂರು ದೋಣಿಗಳು ಮೂರು ದಿಕ್ಕಿನಿಂದ ನುಗ್ಗಿದ್ದವು. ಅದು ಮುಳುಗಿತು. ಇನ್ನೊಂದು ಕಡೆ ಎದ್ದಿತು, ದೋಣಿಗಳೂ ಅಲ್ಲಿಗೆ ಹೋದವು. ಯಾರ ಮುಖದಲ್ಲೂ ಕೇಡಿನ ಉದ್ದೇಶವಿರಲಿಲ್ಲ. ಅದಕ್ಕಾಗಿಯೇ ನಾನು ಚಾಲಕರನ್ನು ದೂರುತ್ತಿಲ್ಲ, ಅವರಿಗೆ ಆ ಹೊರೆ ಹೊರಿಸಿದ ವ್ಯವಸ್ಥೆಯನ್ನು ದೂರುತ್ತಿದ್ದೇನೆ.

ಆ ಆಮೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಕಡಲಾಮೆ ಸರೀಸೃಪ, ಮೀನಲ್ಲ. ನಮ್ಮಂತೆಯೇ ಅದಕ್ಕೂ ಶ್ವಾಸಕೋಶವಿದೆ. ಹಸಿರು ಕಡಲಾಮೆ ತಳದಲ್ಲಿ ಕಡಲಹುಲ್ಲು ಮೇಯುತ್ತಾ ಕೆಲವು ನಿಮಿಷಗಳಿಗೊಮ್ಮೆ ಉಸಿರಿಗಾಗಿ ಮೇಲೆ ಬರುತ್ತದೆ. ಕಲ್ಲಿನ ಕೆಳಗೆ ಅಲ್ಲಾಡದೆ ಮಲಗಿದಾಗ ಅದೇ ಉಸಿರಿನಲ್ಲಿ ಬಹಳ ಹೊತ್ತು ಇರಬಲ್ಲದು. ಹೆದರಿ ಓಡುವಾಗ ಹಾಗಲ್ಲ, ಕೂಡಿಟ್ಟ ಆಮ್ಲಜನಕ ಬೇಗ ಖರ್ಚಾಗುತ್ತದೆ. ಅಂಥ ಹೊತ್ತಿನಲ್ಲಿ ಸ್ನಾರ್ಕೆಲ್ ತೊಟ್ಟ ಹತ್ತು ಹದಿನೈದು ಜನ ಅದರ ನೆತ್ತಿಯ ಮೇಲೆ ವೃತ್ತ ಕಟ್ಟಿ ತೇಲುತ್ತಿದ್ದರೆ ಅದು ಮೇಲೆ ಬರುವುದಾದರೂ ಹೇಗೆ? ನೀರೊಳಗಿನ ಫೋಟೊದಲ್ಲಿ ಆಮೆ ಶಾಂತವಾಗಿಯೇ ಕಾಣುತ್ತದೆ. ಅದರ ಮುಖ ನಮಗೆ ಏನನ್ನೂ ಹೇಳುವುದಿಲ್ಲ. ಬಂದ ದಾರಿಯನ್ನು ಬದಲಿಸಿತೇ, ಮೇಯುವುದನ್ನು ನಿಲ್ಲಿಸಿತೇ, ಉಸಿರೆಳೆದುಕೊಳ್ಳದೆ ಮತ್ತೆ ಮುಳುಗಿತೇ ಎಂಬುದನ್ನು ನೋಡಬೇಕು.

ವೇಗದ ಮಾತೂ ಇಲ್ಲಿಯೇ ಬರುತ್ತದೆ. ಆಸ್ಟ್ರೇಲಿಯಾದ ಮೊರ್ಟನ್ ಕೊಲ್ಲಿಯಲ್ಲಿ ಹಸಿರು ಕಡಲಾಮೆಗಳ ಬಗ್ಗೆ ನಡೆಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ದೋಣಿ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಬಂದಾಗ ಶೇ 60ರಷ್ಟು ಆಮೆಗಳು ದಾರಿ ಬಿಟ್ಟು ಸರಿದವು. ವೇಗ 11 ಕಿಲೋಮೀಟರ್‌ಗೆ ಏರಿದಾಗ ಸರಿದವು ಶೇ 22 ಮಾತ್ರ. 19 ಕಿಲೋಮೀಟರ್‌ನಲ್ಲಿ ಕೇವಲ ಶೇ 4. ಎಂಜಿನ್ ಸದ್ದು ಕೇಳಿ ಆಮೆ ತಾನೇ ಪಕ್ಕಕ್ಕೆ ಹೋಗುತ್ತದೆ ಎಂದು ಅನೇಕ ಚಾಲಕರು ನಂಬಿದ್ದಾರೆ. ಆದರೆ ಆಮೆ ಹೆಚ್ಚಾಗಿ ನೆಚ್ಚಿಕೊಳ್ಳುವುದು ತನ್ನ ಕಣ್ಣನ್ನು ಎಂದು ಆ ಅಧ್ಯಯನ ಮಾಡಿದವರು ಹೇಳುತ್ತಾರೆ. ವೇಗದ ದೋಣಿ ಕಣ್ಣಿಗೆ ಬೀಳುವ ಹೊತ್ತಿಗೆ ಸಮಯ ಮೀರಿರುತ್ತದೆ. ಗಂಟೆಗೆ 19 ಕಿಲೋಮೀಟರ್ ಎಂದರೆ ಪ್ರವಾಸಿ ದೋಣಿಗೆ ಹೆಚ್ಚಿನ ವೇಗವೇನೂ ಅಲ್ಲ. ಆಮೆಗಳು ಮೇಯುವ ಆಳವಿಲ್ಲದ ನೀರಿನಲ್ಲಿ ನಡಿಗೆಯ ವೇಗಕ್ಕಿಂತ ಹೆಚ್ಚು ಹೋಗಬಾರದು ಎಂಬ ನಿಯಮ ನಿಮ್ಮ ಪರವಾನಗಿಯಲ್ಲಿ ಇದೆಯೇ? ಇದ್ದರೆ ಅದನ್ನು ಅಳೆಯುವವರು ಯಾರು?

ಡಾಲ್ಫಿನ್‌ಗಳ ಕಥೆ ಇನ್ನೂ ನೋವಿನದು, ಏಕೆಂದರೆ ನಾವು ಅವುಗಳ ನಿದ್ದೆಯನ್ನು ನಮ್ಮ ಮನರಂಜನೆಯ ವೇಳಾಪಟ್ಟಿಗೆ ಸೇರಿಸಿದ್ದೇವೆ. ಹವಾಯಿ ದ್ವೀಪಗಳ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯಿಡೀ ದಡದಿಂದಾಚೆ ಆಳದ ನೀರಿನಲ್ಲಿ ಸಣ್ಣ ಮೀನು, ಸ್ಕ್ವಿಡ್, ಸೀಗಡಿಗಳನ್ನು ಬೇಟೆಯಾಡುತ್ತವೆ. ಬೆಳಗಾದ ಮೇಲೆ ಕೆಯಲಕೆಕುವಾದಂಥ ಕೊಲ್ಲಿಗಳಿಗೆ ಬಂದು ಸಂಜೆಯವರೆಗೆ ವಿಶ್ರಮಿಸುತ್ತವೆ. ಆಳವಿಲ್ಲದ, ಮರಳು ತಳದ ಜಾಗಗಳನ್ನೇ ಅವು ಆರಿಸಿಕೊಳ್ಳುತ್ತವೆ. ಬಿಳಿ ಮರಳಿನ ಮೇಲೆ ಶಾರ್ಕ್ ಬಂದರೆ ಕಣ್ಣಿಗೆ ಬೀಳುತ್ತದೆ ಎಂಬುದು ಸಂಶೋಧಕರು ಕೊಡುವ ವಿವರಣೆ. ಡಾಲ್ಫಿನ್ ಪೂರ್ತಿ ನಿದ್ದೆಗೆ ಜಾರುವಂತಿಲ್ಲ, ಉಸಿರಾಟ ಅದಕ್ಕೆ ಎಚ್ಚರದ ಕೆಲಸ. ಹಾಗಾಗಿ ಮಿದುಳಿನ ಅರ್ಧ ಭಾಗ ಮಲಗಿದಾಗ ಉಳಿದರ್ಧ ಎಚ್ಚರವಿರುತ್ತದೆ. ಹಿಂಡು ಒತ್ತೊತ್ತಾಗಿ, ಸದ್ದಿಲ್ಲದೆ, ನಿಧಾನವಾಗಿ ಒಟ್ಟಿಗೆ ಮುಳುಗಿ ಒಟ್ಟಿಗೆ ಏಳುತ್ತಿರುತ್ತದೆ. ದಡದ ಹತ್ತಿರ, ತಿಳಿನೀರಿನಲ್ಲಿ, ಬೆಳಗಿನ ಹೊತ್ತಿನಲ್ಲಿ, ನಿಧಾನವಾಗಿ ಚಲಿಸುವ ಹಿಂಡು: ಪ್ರವಾಸ ನಡೆಸುವವರಿಗೆ ಇದಕ್ಕಿಂತ ಅನುಕೂಲ ಬೇರೇನಿದೆ? ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವನ ಕೋಣೆಗೆ ಹಗಲಿಡೀ ಒಬ್ಬರಾದ ಮೇಲೊಬ್ಬರು ಬಾಗಿಲು ತೆರೆದು ಬರುತ್ತಿದ್ದರೆ ಹೇಗಿರುತ್ತದೆಯೋ ಆ ಹಿಂಡಿನ ಪಾಡು ಹಾಗಾಗಿತ್ತು. ವರ್ಷಗಳ ಚರ್ಚೆಯ ನಂತರ 2021ರಲ್ಲಿ ಅಮೆರಿಕದ ಫೆಡರಲ್ ಸರ್ಕಾರ ನಿಯಮ ತಂದಿತು. ಹವಾಯಿಯ ಮುಖ್ಯ ದ್ವೀಪಗಳ ದಡದಿಂದ ಎರಡು ನಾಟಿಕಲ್ ಮೈಲಿಯೊಳಗೆ ಈ ಡಾಲ್ಫಿನ್‌ಗಳ ಜೊತೆ ಈಜುವಂತಿಲ್ಲ, ಅವುಗಳಿಗೆ 50 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ. ದೋಣಿಗೂ ಕಯಾಕಿಗೂ ಈಜುಗಾರರಿಗೂ ಒಂದೇ ನಿಯಮ.

ಇಲ್ಲಿ ಒಂದು ವಾದವನ್ನು ಎದುರಿಸಲೇಬೇಕು, ಏಕೆಂದರೆ ಅದನ್ನು ಪ್ರತಿ ದೋಣಿಯಲ್ಲೂ ಕೇಳಿದ್ದೇನೆ: ಈ ಪ್ರಾಣಿಗಳಿಗೆ ನಮ್ಮ ಅಭ್ಯಾಸವಾಗಿಬಿಟ್ಟಿದೆ, ಅವು ಹೆದರುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳನ್ನು ದಶಕಗಳಿಂದ ಒಂದೊಂದಾಗಿ ಗುರುತಿಟ್ಟು ಅಭ್ಯಸಿಸುತ್ತಿದ್ದಾರೆ. ಅಲ್ಲಿ ಪ್ರವಾಸಿ ದೋಣಿ ನಡೆಸುವವರು ಒಬ್ಬರಿದ್ದದ್ದು ಇಬ್ಬರಾದ ಮೇಲೆ, ದೋಣಿಗಳು ಓಡಾಡುವ ಪ್ರದೇಶದಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಸುಮಾರು ಏಳರಲ್ಲಿ ಒಂದರಷ್ಟು ಇಳಿಯಿತು ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೆಚ್ಚು ಹೆದರುವವು ಜಾಗ ಬಿಟ್ಟು ಹೋದರೆ ಉಳಿಯುವವು ತಡೆದುಕೊಳ್ಳಬಲ್ಲವು ಮಾತ್ರ. ದೋಣಿಯಿಂದ ನೋಡುವವರಿಗೆ ಅವುಗಳಷ್ಟೇ ಕಾಣುತ್ತವೆ, ಎಲ್ಲವೂ ಒಗ್ಗಿಕೊಂಡಿವೆ ಎಂಬ ಭಾವನೆ ಬರುತ್ತದೆ. ಹೋದವುಗಳನ್ನು ಲೆಕ್ಕವಿಟ್ಟವರು ಇದ್ದುದರಿಂದ ಅಲ್ಲಿ ಸತ್ಯ ಗೊತ್ತಾಯಿತು, ಎರಡರಲ್ಲಿ ಒಂದು ಪರವಾನಗಿಯನ್ನು ಸರ್ಕಾರ ಹಿಂತೆಗೆದುಕೊಂಡಿತು. ಅಧಿಕಾರಿಗಳೇ, ಈ ಉದಾಹರಣೆಯನ್ನು ನಿಮಗಾಗಿಯೇ ಬರೆದಿದ್ದೇನೆ. ಅಲ್ಲಿದ್ದದ್ದು ಎರಡೇ ಎರಡು ಪರವಾನಗಿ. ನಿಮ್ಮ ಕಡತದಲ್ಲಿ ಎಷ್ಟಿವೆ? ಅವುಗಳನ್ನು ಕೊಡುವ ಮುನ್ನ ಆ ನೀರಿನಲ್ಲಿ ಏನೇನು ಎಷ್ಟೆಷ್ಟು ಇತ್ತು ಎಂದು ಯಾರಾದರೂ ಎಣಿಸಿದ್ದರೇ?

ಭರವಸೆಯನ್ನು ಉಳಿಸಿಕೊಳ್ಳಲು ಬೆನ್ನಟ್ಟುವುದು ಒಂದು ದಾರಿಯಾದರೆ, ತಿನ್ನಿಸುವುದು ಇನ್ನೊಂದು. ಬೆನ್ನಟ್ಟುವುದು ಕಣ್ಣಿಗಾದರೂ ಕಾಣುತ್ತದೆ. ತಿನ್ನಿಸುವುದು ಪ್ರೀತಿಯಂತೆ ತೋರುವುದರಿಂದ ನನಗೆ ಅದೇ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಫಿಲಿಪ್ಪೀನ್ಸ್‌ನ ಸೆಬು ದ್ವೀಪದ ಒಸ್ಲೊಬ್‌ನಲ್ಲಿ 2011ರ ಸುಮಾರಿನಿಂದ ತಿಮಿಂಗಿಲ ಶಾರ್ಕ್‌ಗಳಿಗೆ ದೋಣಿಯಿಂದ ಸಣ್ಣ ಸೀಗಡಿ ಎಸೆದು ಪ್ರವಾಸಿಗರಿಗೆ ತೋರಿಸುತ್ತಿದ್ದಾರೆ. ಜಗತ್ತಿನ ಅತಿ ದೊಡ್ಡ ಮೀನು ಇದು. ಪ್ಲವಕಗಳೆಂಬ ತೇಲುವ ಪುಟ್ಟ ಜೀವಿಗಳನ್ನು ಸೋಸಿ ತಿನ್ನುತ್ತಾ ಸಾಗರಗಳನ್ನೇ ದಾಟುವ ಜೀವಿ. ಅದು ಪ್ರತಿ ಬೆಳಿಗ್ಗೆ ಒಂದೇ ಕಡೆ, ದೋಣಿಯ ಪಕ್ಕ, ಬಾಯಿ ತೆರೆದು ಲಂಬವಾಗಿ ನಿಲ್ಲುವುದನ್ನು ಕಲಿತಿದೆ. ಅಲ್ಲಿಗೆ ಬರುವ ಶಾರ್ಕ್‌ಗಳ ಮೈಮೇಲೆ ದೋಣಿ ಮತ್ತು ಹಗ್ಗಗಳಿಂದಾದ ಗಾಯದ ಗುರುತುಗಳು ಎಷ್ಟೊಂದಿವೆ ಎಂದು ಸಂಶೋಧಕರು ದಾಖಲಿಸಿದ್ದಾರೆ. ದೋಣಿ ಎಂದರೆ ಆಹಾರ ಎಂದು ಕಲಿತ ಮೀನಿಗೆ ಪ್ರವಾಸಿ ದೋಣಿ ಯಾವುದು, ಬೇಟೆಗಾರನ ದೋಣಿ ಯಾವುದು ಎಂದು ಹೇಗೆ ತಿಳಿಯಬೇಕು? ಅಲ್ಲಿನ ಮೀನುಗಾರ ಕುಟುಂಬಗಳಿಗೆ ಆ ಆದಾಯ ಎಷ್ಟು ಮುಖ್ಯ ಎಂಬುದು ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ನೋಡುವುದಿಲ್ಲ. ಆ ಆದಾಯ ಉಳಿಯಬೇಕಾದರೂ ಶಾರ್ಕ್ ಉಳಿಯಬೇಕು.

ಅದೇ ಜೀವಿಯನ್ನು ಬೇರೆ ರೀತಿಯಲ್ಲಿ ನೋಡಲು ಸಾಧ್ಯವಿದೆ. ಆಸ್ಟ್ರೇಲಿಯಾದ ನಿಂಗಲೂ ಹವಳ ದಂಡೆಯಲ್ಲಿ ಯಾರೂ ತಿನ್ನಿಸುವುದಿಲ್ಲ. ಮಾರ್ಚ್‌ನಿಂದ ಜುಲೈವರೆಗಿನ ತಿಂಗಳುಗಳಲ್ಲಿ ಶಾರ್ಕ್‌ಗಳು ತಾವಾಗಿ ಬರುತ್ತವೆ. ಒಂದು ಶಾರ್ಕಿನ ಸುತ್ತ 250 ಮೀಟರ್ ವಲಯದಲ್ಲಿ ಒಂದು ಸಲಕ್ಕೆ ಒಂದೇ ದೋಣಿ ಇರಬೇಕು, ಅದೂ 30 ಮೀಟರ್‌ಗಿಂತ ಹತ್ತಿರ ಹೋಗಬಾರದು. ನೀರಿನಲ್ಲಿ ಒಮ್ಮೆಗೆ ಹತ್ತು ಈಜುಗಾರರಿಗಿಂತ ಹೆಚ್ಚು ಇರುವಂತಿಲ್ಲ. ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ಅಂತರ ಬಿಡಬೇಕು. ಮುಟ್ಟುವಂತಿಲ್ಲ, ದಾರಿಗೆ ಅಡ್ಡ ಹೋಗುವಂತಿಲ್ಲ, ಫ್ಲಾಶ್ ಹೊಡೆಯುವಂತಿಲ್ಲ. ಶಾರ್ಕ್ ಆಳಕ್ಕೆ ಇಳಿದರೆ ಭೇಟಿ ಮುಗಿಯಿತು. ನೋಡಲು ಬರುವವರು ಇದರಿಂದ ಕಡಿಮೆಯಾಗಿಲ್ಲ. ಜನ ಇಷ್ಟು ನಿಯಮ ಪಾಲಿಸುವುದಿಲ್ಲ ಎನ್ನುವ ಮಾಲೀಕರಿಗೆ ನಾನು ಹೇಳುವುದಿಷ್ಟೇ: ನಾವು ಪಾಲಿಸುತ್ತೇವೆ. ನಮಗೆ ಕಾರಣ ಹೇಳಿ. ಬಾಲದ ಒಂದು ಬೀಸಿಗೆ ಎಷ್ಟು ಬಲವಿದೆ, ಅಡ್ಡ ಹೋದರೆ ಅದೇಕೆ ಕೆಳಗಿಳಿಯುತ್ತದೆ ಎಂದು ಹೇಳಿದರೆ ಮೂರು ಮೀಟರ್ ಬಿಡುವುದು ಯಾರಿಗೂ ಕಷ್ಟವಾಗುವುದಿಲ್ಲ.

ಕಯಾಕ್ ಪ್ರವಾಸ ನಡೆಸುವವರು ಇಲ್ಲಿಯವರೆಗೆ ಓದಿ ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿರಬಹುದು. ನಿಮ್ಮಲ್ಲಿ ಎಂಜಿನ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಪ್ರಾಣಿಯ ಕಡೆಯಿಂದ ನೋಡಿದರೆ ಆ ನಿಶ್ಶಬ್ದವೇ ತೊಂದರೆ ಆಗಬಹುದು. ಎಂಜಿನ್ ದೋಣಿ ದೂರದಿಂದಲೇ ತನ್ನ ಬರುವಿಕೆಯನ್ನು ತಿಳಿಸುತ್ತದೆ. ಕಯಾಕ್ ಬಂಡೆಯ ಮರೆಯಿಂದ, ನೀರಿಗೆ ಅಂಟಿಕೊಂಡು, ಬೇಟೆಗಾರ ಪ್ರಾಣಿ ಬರುವ ಹಾಗೆ ತಟ್ಟನೆ ಎದುರಾಗುತ್ತದೆ. ದೊಡ್ಡ ದೋಣಿ ಹೋಗಲಾರದ ಇಕ್ಕಟ್ಟು ಬಿರುಕಿಗೂ ಸಣ್ಣ ಮರಳು ದಡಕ್ಕೂ ಅದು ತಲುಪುತ್ತದೆ. ಕಡಲ ಸಸ್ತನಿಗಳಾದ ಸೀಲ್‌ಗಳು ಬಂಡೆಯ ಮೇಲೆ ಬಿದ್ದುಕೊಂಡಿರುವುದು ಸೋಮಾರಿತನದಿಂದಲ್ಲ. ಮೈ ಬೆಚ್ಚಗಾಗಿಸಿಕೊಳ್ಳಲು, ಕೂದಲು ಉದುರಿಸಿ ಹೊಸದು ಪಡೆಯಲು, ಮರಿಗೆ ಹಾಲೂಡಿಸಲು ಅವು ನೀರು ಬಿಟ್ಟು ಬರಲೇಬೇಕು. ಒಂದು ಬೆಚ್ಚಿ ನೀರಿಗೆ ಹಾರಿದರೆ ಉಳಿದವೂ ಹಾರುತ್ತವೆ, ನೂಕುನುಗ್ಗಲಿನಲ್ಲಿ ಮರಿ ಹಿಂದುಳಿಯುತ್ತದೆ. ಮೆಡಿಟರೇನಿಯನ್ ಮಾಂಕ್ ಸೀಲ್ ಒಂದು ಕಾಲಕ್ಕೆ ತೆರೆದ ದಡಗಳಲ್ಲೇ ಮರಿ ಹಾಕುತ್ತಿತ್ತು. ಮನುಷ್ಯರ ಕಾಟಕ್ಕೆ ಅದು ಕಡಲ ಗುಹೆಗಳಿಗೆ ಹೋಗಿ ಸೇರಿತು. ಗ್ರೀಸ್‌ನಲ್ಲಿ ಅದಕ್ಕಾಗಿ ಅಲೋನಿಸೋಸ್ ದ್ವೀಪದ ಸುತ್ತ 1992ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವನ್ನೇ ಮಾಡಬೇಕಾಯಿತು. ಇಂದು ಗುಹೆ ದರ್ಶನ ಕಯಾಕ್ ಪ್ರವಾಸಗಳ ದೊಡ್ಡ ಆಕರ್ಷಣೆ. ಓಡಿಹೋಗಿ ಅಡಗಿದ ಕೊನೆಯ ಜಾಗಕ್ಕೂ ನಾವು ಹುಟ್ಟು ಹಾಕುತ್ತಾ ಹೋಗುತ್ತಿದ್ದೇವೆ. ಮರಳಿನ ಮೇಲೆ ಬರಿಯ ಕುಳಿಯಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳ ಸ್ಥಿತಿಯೂ ಇದೇ. ಮರಳಿನ ಬಣ್ಣದ ಆ ಮೊಟ್ಟೆ ಇಳಿದು ನಡೆಯುವವನ ಕಣ್ಣಿಗೆ ಬೀಳುವುದೇ ಇಲ್ಲ. ಹಾರಿಹೋದ ತಾಯಿ ಮರಳುವಷ್ಟರಲ್ಲಿ ಬಿಸಿಲೋ ಕಡಲಕಾಗೆಯೋ ಅದನ್ನು ಮುಗಿಸಿರುತ್ತದೆ. ಗೂಡು ಕಟ್ಟುವ, ಮರಿ ಹಾಕುವ ತಿಂಗಳುಗಳಲ್ಲಿ ಇಂಥ ಗುಹೆ ಮತ್ತು ದಡಗಳನ್ನು ನಿಮ್ಮ ನಕ್ಷೆಯಿಂದ ತೆಗೆದುಹಾಕಿ.

ಹವಳದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅಲ್ಲಿ ಮಾಡಬೇಕಾದ್ದು ಎಲ್ಲರಿಗೂ ಗೊತ್ತಿದೆ. ಲಂಗರು ಎಸೆಯುವ ಬದಲು ತೇಲುಬುರುಡೆಗಳಿಗೆ ದೋಣಿ ಕಟ್ಟಿ. ನೀರಿಗೆ ಹೊಸಬರಾದವರಿಗೆ ಮೊದಲು ಮರಳು ತಳದ ಮೇಲೆ ತೇಲುವುದನ್ನು ಕಲಿಸಿ, ಹೆದರಿದವನ ಕಾಲು ಆಸರೆಗಾಗಿ ಹವಳವನ್ನೇ ಹುಡುಕುತ್ತದೆ. ಗುಂಡುಕಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ, ಈಜುಗಾರ ಕಾಲಿಗೆ ತೊಟ್ಟ ಫಿನ್ನಿನ ಒಂದು ಒದೆತಕ್ಕೆ ಎಷ್ಟು ವರ್ಷ ಹೋಯಿತು ಎಂದು ಲೆಕ್ಕ ಹಾಕಿ. ಹವಳಕ್ಕೆ ಹಾನಿಕರವೆನ್ನಲಾದ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್‌ಗಳನ್ನು ಪೆಸಿಫಿಕ್‌ನ ದ್ವೀಪರಾಷ್ಟ್ರ ಪಲಾವು 2020ರಿಂದ ನಿಷೇಧಿಸಿದೆ. ತುಂಬು ತೋಳಿನ ಈಜು ಅಂಗಿ ಕೊಟ್ಟರೆ ಆ ಗೊಡವೆಯೇ ಕಡಿಮೆಯಾಗುತ್ತದೆ.

ಇನ್ನು ಮಾಲೀಕರ ದೊಡ್ಡ ಆತಂಕಕ್ಕೆ ಬರುತ್ತೇನೆ: ಭರವಸೆ ಇಲ್ಲದಿದ್ದರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಥಾಯ್ಲೆಂಡಿನ ಮಾಯಾ ಬೇ ಎಂಬ ಕೊಲ್ಲಿಯನ್ನು 2018ರಲ್ಲಿ ಪ್ರವಾಸಿಗರಿಗೆ ಮುಚ್ಚಿದಾಗ ಅಲ್ಲಿನ ವ್ಯಾಪಾರಕ್ಕೂ ಇದೇ ಭಯವಿತ್ತು. 2022ರಲ್ಲಿ ಮತ್ತೆ ತೆರೆದಾಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿರಲಿಲ್ಲ, ಈಜುವಂತಿರಲಿಲ್ಲ, ಬರುವವರ ಸಂಖ್ಯೆಗೆ ಮಿತಿಯಿತ್ತು. ಆ ಬಿಡುವಿನಲ್ಲಿ ಕಪ್ಪುತುದಿಯ ರೆಕ್ಕೆಗಳ ಶಾರ್ಕ್‌ಗಳು ಆಳವಿಲ್ಲದ ನೀರಿಗೆ ಮರಳಿ ಬಂದಿದ್ದವು. ಜನ ಈಗಲೂ ಹೋಗುತ್ತಾರೆ, ದಡದಲ್ಲಿ ನಿಂತು ಅವುಗಳನ್ನು ನೋಡುತ್ತಾರೆ. ನ್ಯೂಜಿಲೆಂಡಿನ ಬೇ ಆಫ್ ಐಲೆಂಡ್ಸ್‌ನಲ್ಲಿ ಕ್ರಮ ಕೈಗೊಳ್ಳಲು ತಡಮಾಡಿದ್ದರ ಫಲ ಬೇರೆಯಾಯಿತು. ಅಲ್ಲಿನ ಬಾಟಲ್‌ನೋಸ್ ಡಾಲ್ಫಿನ್‌ಗಳ ಸಂಖ್ಯೆ ವರ್ಷಗಳ ಕಾಲ ಕುಸಿಯುತ್ತಾ ಹೋಗಿ, ಕೊನೆಗೆ 2019ರಲ್ಲಿ ಅವುಗಳೊಂದಿಗೆ ಈಜುವುದನ್ನೇ ಸರ್ಕಾರ ನಿಷೇಧಿಸಿತು. ತಾವೇ ಕಡಿವಾಣ ಹಾಕಿಕೊಳ್ಳದ ಉದ್ಯಮಕ್ಕೆ ಹೊರಗಿನಿಂದ ಬೀಗ ಬೀಳುತ್ತದೆ.

ಪ್ರಯಾಣಿಕನಾಗಿ ಇನ್ನೊಂದು ಮಾತು ಹೇಳಬೇಕು. ನನಗೆ ನೆನಪಿರುವ ಪ್ರವಾಸಗಳು ಅತಿ ಹತ್ತಿರದಿಂದ ಪ್ರಾಣಿ ಕಂಡವಲ್ಲ. ಎಂಜಿನ್ ನಿಲ್ಲಿಸಿ, ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ದೂರದಲ್ಲಿ ಮುಳುಗೇಳುತ್ತಿದ್ದ ಹಿಂಡಿನಲ್ಲಿ ತಾಯಿ ಯಾವುದು ಮರಿ ಯಾವುದು ಎಂದು ಪಿಸುದನಿಯಲ್ಲಿ ತೋರಿಸಿದ ಮಾರ್ಗದರ್ಶಕರಿದ್ದ ಪ್ರವಾಸಗಳು ನೆನಪಿವೆ. ಹಾಗೆ ಸುಮ್ಮನಿದ್ದಾಗ ಕೆಲವೊಮ್ಮೆ ಪ್ರಾಣಿಯೇ ಬರುತ್ತದೆ. ಗಲಾಪಗೋಸ್ ದ್ವೀಪಗಳಲ್ಲಿ ಮಾರ್ಗದರ್ಶಕರಿಲ್ಲದೆ ರಾಷ್ಟ್ರೀಯ ಉದ್ಯಾನದ ಹೆಚ್ಚಿನ ಭೇಟಿ ತಾಣಗಳಿಗೆ ಹೋಗುವಂತಿಲ್ಲ, ಎಲ್ಲ ಪ್ರಾಣಿಗಳಿಂದಲೂ 2 ಮೀಟರ್ ದೂರವಿರಬೇಕು. ಆದರೂ ಅಲ್ಲಿ ನೀರಿಗಿಳಿದವರ ಸುತ್ತ ಎಳೆಯ ಕಡಲಸಿಂಹಗಳು ತಾವಾಗಿ ಬಂದು ಸುತ್ತುತ್ತವೆ, ಮುಖಕ್ಕೆ ಮುಖ ಕೊಟ್ಟು ಗುಳ್ಳೆ ಬಿಡುತ್ತವೆ. ಎರಡು ಮೀಟರ್‌ನ ನಿಯಮ ನಮಗೆ ಮಾತ್ರ, ಅವುಗಳಿಗಲ್ಲ. ಅಂಥ ಭೇಟಿಯನ್ನು ಯಾರೂ ಮುಂಗಡವಾಗಿ ಮಾರಲಾರರು.

ಮಾರಲು ನಿಮ್ಮ ಬಳಿ ಬೇರೆ ಎಷ್ಟೋ ಇದೆ. ತಿಮಿಂಗಿಲ ಶಾರ್ಕಿನ ಮೈಮೇಲಿನ ಚುಕ್ಕೆಗಳ ವಿನ್ಯಾಸ ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳ ವಿನ್ಯಾಸ ಹೋಲಿಸಲು ಬಳಸುತ್ತಿದ್ದ ಗಣಿತದ ವಿಧಾನವನ್ನೇ ಒಗ್ಗಿಸಿಕೊಂಡು ಸಂಶೋಧಕರು ಅವುಗಳನ್ನು ಒಂದೊಂದಾಗಿ ಗುರುತಿಸುತ್ತಾರೆ. ಮ್ಯಾಂಟಾ ರೇ ಎಂಬ ಚಪ್ಪಟೆ ಮೀನನ್ನು ಹೊಟ್ಟೆಯ ಮಚ್ಚೆಗಳಿಂದ, ಆಮೆಯನ್ನು ಕೆನ್ನೆಯ ಚಿಪ್ಪುಗಳಿಂದ ಗುರುತಿಸಬಹುದು. ದೂರದಿಂದ ತೆಗೆದ ಸ್ಪಷ್ಟ ಚಿತ್ರ ಇದಕ್ಕೆ ಸಾಕು. ಪ್ರವಾಸಿಗನ ಫೋಟೊ ಅಂಥ ದಾಖಲೆಗೆ ಸೇರುತ್ತದೆ, ಇದೇ ಆಮೆ ಕಳೆದ ವರ್ಷವೂ ಇಲ್ಲಿತ್ತು ಎಂದು ತಿಳಿಯುತ್ತದೆ ಎಂದು ಹೇಳಿ ನೋಡಿ. ಆಮೆಯ ಬೆನ್ನು ಹಿಡಿದು ತೆಗೆಸಿಕೊಳ್ಳುವ ಚಿತ್ರದ ಆಸೆ ಅಲ್ಲಿಯೇ ಬಿಟ್ಟುಹೋಗುತ್ತದೆ.

ಸಹಪ್ರಯಾಣಿಕರಲ್ಲಿಯೂ ನನ್ನ ವಿನಂತಿಯಿದೆ. ಏನೂ ಕಾಣಲಿಲ್ಲವೆಂದು ಹಣ ವಾಪಸ್ ಕೇಳಬೇಡಿ, ಇನ್ನೂ ಹತ್ತಿರ ಹೋಗಿ ಎಂದು ಚಾಲಕನನ್ನು ಪೀಡಿಸಬೇಡಿ. ದೂರ ಕಾಯ್ದುಕೊಂಡ ಚಾಲಕನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ. ಅದರಿಂದ ಅವನ ಕೆಲಸ ಉಳಿಯುತ್ತದೆ.

ಅಧಿಕಾರಿಗಳಲ್ಲಿ ನಾನು ಕೇಳುವುದು ಇದು. ಪರವಾನಗಿಯಲ್ಲಿ ಕಾಡುಜೀವಿ ದರ್ಶನದ ಖಾತರಿ ನೀಡುವುದನ್ನು ನಿಷೇಧಿಸಿ. ಏನೂ ಕಾಣದ ದಿನ ಇನ್ನೊಮ್ಮೆ ಬನ್ನಿ ಎಂದು ಮಾಲೀಕರು ತಮ್ಮ ಖರ್ಚಿನಲ್ಲಿ ಕರೆಯುವುದಾದರೆ ನನ್ನ ತಕರಾರಿಲ್ಲ. ಆದರೆ ಆ ನಷ್ಟವನ್ನು ಚಾಲಕನ ಅಥವಾ ಮಾರ್ಗದರ್ಶಕನ ಕೂಲಿಯಿಂದ ಕಡಿಯಬಾರದು, ಹತ್ತಿರ ಹೋಗಿದ್ದಕ್ಕೆ ಬಹುಮಾನವೂ ಇರಬಾರದು. ಒಂದು ಹಿಂಡಿನ ಬಳಿ ಎಷ್ಟು ದೋಣಿ, ಎಷ್ಟು ಹೊತ್ತು ಎಂಬುದನ್ನು ಅಂಕಿಯಲ್ಲಿ ಬರೆಯಿರಿ. ಸಾಧ್ಯವಾದಷ್ಟು, ಸೂಕ್ತ ಅಂತರ ಎಂಬಂಥ ಮಾತುಗಳಿಂದ ಯಾರನ್ನೂ ಹಿಡಿಯಲಾಗುವುದಿಲ್ಲ. ದಿನದಲ್ಲಿ ಕೆಲವು ಗಂಟೆ, ವರ್ಷದಲ್ಲಿ ಕೆಲವು ತಿಂಗಳು ಪ್ರಾಣಿಗಳಿಗೆ ಬಿಟ್ಟುಕೊಡಿ. ಮುಂದಿನ ನವೀಕರಣದ ಅರ್ಜಿಗಳು ನಿಮ್ಮ ಮೇಜಿಗೆ ಬಂದಾಗ ದೋಣಿಯ ವಿಮೆ ಮತ್ತು ಲೈಫ್ ಜಾಕೆಟ್‌ಗಳ ಪಟ್ಟಿಯ ಜೊತೆ ಜಾಹೀರಾತಿನ ಪ್ರತಿಯನ್ನೂ ಕೇಳಿ. ದರ್ಶನ ಖಚಿತ ಎಂದು ಅದರಲ್ಲಿ ಅಚ್ಚಾಗಿದ್ದರೆ, ತಿದ್ದಿ ತರುವವರೆಗೆ ಸಹಿ ಹಾಕಬೇಡಿ.

ಇಂತಿ,
ನಿಮ್ಮ ದೋಣಿಗಳ ಒಬ್ಬ ಪ್ರಯಾಣಿಕ